ಜಾರುಗಂಟಿನ ಅಭ್ಯಾಸ

ಹೂ ಕಟ್ಟುವ ದಾರವನ್ನು ನೀರಿನಲ್ಲಿ ನೆನೆಸಿಟ್ಟುಕೊಳ್ಳುವುದು ನಮ್ಮ ಕಸುಬಿನ ಮೊದಲನೆಯ ಕ್ರಮ. ಒಣದಾರವು ಬೆರಳನ್ನೂ ಕೊಯ್ಯುತ್ತದೆ, ಮೊಗ್ಗಿನ ತೊಟ್ಟನ್ನೂ ಕೊಯ್ಯುತ್ತದೆ. ನೆಂದ ದಾರವಾದರೋ ತೊಟ್ಟನ್ನು ನೋಯಿಸದೆ ಅಪ್ಪಿಕೊಂಡು, ಮುಡಿದವರ ತಲೆಯಲ್ಲಿ ಹೂ ಬಾಡಿದರೂ ತಾನು ಹಿಡಿತ ಬಿಡದೆ ನಿಲ್ಲುತ್ತದೆ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಇದಕ್ಕೆಂದೇ ಒಂದು ಸೊಟ್ಟಗಾದ ಅಲ್ಯೂಮಿನಿಯಂ ಬಟ್ಟಲಿದೆ. ಮೂವತ್ತೊಂದು ವರ್ಷಗಳಿಂದ ಆ ಬಟ್ಟಲಿನ ನೀರು ದಿನಕ್ಕೊಮ್ಮೆ ಬದಲಾಗಿದೆಯೇ ಹೊರತು ಅದು ಬರಿದಾಗಿ ಕುಳಿತ ದಿನ ನನ್ನ ನೆನಪಿನಲ್ಲಿಲ್ಲ. ಆ ಬಟ್ಟಲಿನಿಂದಲೇ ಈ ಬರಹವನ್ನು ಆರಂಭಿಸಲು, ಮಿತ್ರಸಮಾನರಾದ ಓದುಗರ ಅನುಮತಿಯನ್ನು ಈ ಮೂಲಕ ಕೋರುತ್ತೇನೆ.

ತಾವು ಓದುತ್ತಿರುವುದು ನನ್ನ ಮೊದಲನೆಯ ಬರಹ. ಇದಕ್ಕೂ ಮುನ್ನ ನಾನು ಬರೆದಿರುವುದೆಲ್ಲವೂ ಅರ್ಜಿಗಳೇ. ವಿಜಯನಗರದ ನಮ್ಮ ಬೀದಿಯ ಮಹಿಳಾ ಸಂಘದ ಕಾರ್ಯದರ್ಶಿಯಾಗಿ, ಉರಿಯದ ಬೀದಿದೀಪದ ಬಗ್ಗೆ, ಮುಚ್ಚಳವಿಲ್ಲದ ಚರಂಡಿಯ ಬಗ್ಗೆ, ಮೆಟ್ರೋ ಕಂಬದ ಬುಡದಲ್ಲಿ ಕುಳಿತು ಹೂ ಮಾರುವ ನಮ್ಮಂಥವರನ್ನು ಎಬ್ಬಿಸದಿರುವ ಬಗ್ಗೆ ‘ಮಾನ್ಯರೇ’ ಎಂದು ತೊಡಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸಿದ್ದೇನೆ. ಅರ್ಜಿಯ ಭಾಷೆ ನನಗೆ ಧೈರ್ಯ ಕೊಡುತ್ತದೆ. ಅದರಲ್ಲಿ ಅಳುವುದಕ್ಕೆ ಸ್ಥಳಾವಕಾಶವಿಲ್ಲ, ಹೇಳಬೇಕಾದುದನ್ನು ಹೇಳಿ ಸಹಿ ಹಾಕಬೇಕಷ್ಟೆ. ಸಂಘದ ವಾರ್ಷಿಕ ಸಂಚಿಕೆಗಾಗಿ ಪ್ರತಿಯೊಬ್ಬ ಸದಸ್ಯೆಯೂ ಈ ವರ್ಷ ತಾನು ಹೊಸದಾಗಿ ಕಲಿತದ್ದರ ಕುರಿತು ಬರೆಯತಕ್ಕದ್ದೆಂದು ಸಭೆಯಲ್ಲಿ ನಿರ್ಣಯವಾದಾಗ, ಆ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿದವಳೇ ನಾನಾದ್ದರಿಂದ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಒಬ್ಬರು ಮೊಟ್ಟೆಯಿಲ್ಲದ ಕೇಕು ಕಲಿತಿದ್ದಾರೆ, ಇನ್ನೊಬ್ಬರು ಸ್ಕೂಟರು ಕಲಿತಿದ್ದಾರೆ. ನಾನು ಕಲಿತದ್ದು ಜಾದೂ. ಐವತ್ತಾರನೆಯ ವಯಸ್ಸಿನಲ್ಲಿ, ಒಂದೇ ಒಂದು ಆಟ: ಕರವಸ್ತ್ರಕ್ಕೆ ಹಾಕಿದ ಗಂಟನ್ನು ಮಾಯ ಮಾಡುವ ಆಟ. ಅದನ್ನು ಕಲಿಯಬೇಕಾಗಿ ಬಂದ ಕಾರಣವನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯ.

ಕಳೆದ ಯುಗಾದಿಗೆ ಒಂದು ವಾರ ಮೊದಲು ನಮ್ಮ ಯಜಮಾನರಾದ ಕೆಂಪಯ್ಯನವರಿಗೆ ಲಕ್ವ ಹೊಡೆಯಿತು. ದೇವರ ದಯೆಯಿಂದ ಮಾತು ಮರಳಿತು. ಕಾಲು ಕೋಲಿನ ಆಸರೆಯಲ್ಲಿ ಬಚ್ಚಲಿನವರೆಗೂ ಬಾಗಿಲಿನವರೆಗೂ ನಡೆಯಲಾರಂಭಿಸಿತು. ಬಲಗೈ ಮಾತ್ರ ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು, ಮುನಿಸಿಕೊಂಡ ಮಗುವಿನಂತೆ ತೊಡೆಯ ಮೇಲೆ ಕುಳಿತುಬಿಟ್ಟಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ‘ಈ ಮೊದಲ ಕೆಲವು ತಿಂಗಳೇ ತುಂಬಾ ಮುಖ್ಯ ಅಮ್ಮ. ನೀವು ಹಿಡಿದು ಆಡಿಸಿದ್ರೆ ಸಾಲಲ್ಲ, ಅವರಾಗಿ ಅವರು ಆ ಕೈನ ಬಳಸ್ಬೇಕು. ಬಿಟ್ರೆ ಹಂಗೇ ಗಟ್ಟಿಯಾಗ್ಬಿಡತ್ತೆ.’ ಹಿಂಡುವುದಕ್ಕೆಂದು ಒಂದು ಹಳದಿ ರಬ್ಬರು ಚೆಂಡನ್ನೂ ಕೊಡಿಸಿದಳು. ನಾಲ್ಕನೆಯ ದಿನ ಆ ಚೆಂಡು ಕಾಣೆಯಾಯಿತು. ಎರಡು ದಿನ ಹುಡುಕಿದ ಮೇಲೆ ನೋಡಿದರೆ, ಸದಾ ಅಲುಗಾಡುತ್ತಿದ್ದ ನಮ್ಮ ಮಂಚದ ಕಾಲಿನ ಕೆಳಗೆ ಅದು ಅಪ್ಪಚ್ಚಿಯಾಗಿ ಕುಳಿತಿತ್ತು.

‘ಮಂಚ ಈಗ ಅಲ್ಲಾಡಲ್ಲ, ನೋಡು’ ಎಂದರು ಇವರು. ‘ಕೈ ಹೋಯ್ತು, ಬಿಡೇ. ಹೋಗಿದ್ದನ್ನ ಎಷ್ಟು ಸಲ ಹಿಂಡ್ತೀಯ?’

ಅಂದಿನಿಂದ ಆ ಕೈಯ ಮೇಲೆ ಒಂದು ಟವಲನ್ನು ಹೊದಿಸಿಕೊಂಡು ಕೂರುವುದನ್ನು ಅವರು ರೂಢಿಸಿಕೊಂಡರು. ಬಂದವರಿಗೆ ಕೈ ಕಾಣಬಾರದೆಂದು ಹೊದಿಸಿದ್ದೋ, ತಮಗೇ ಕಾಣಬಾರದೆಂದು ಹೊದಿಸಿದ್ದೋ ನಾನರಿಯೆ.

ಅದು ಎಂಥ ಕೈ ಎಂಬುದನ್ನು ಇಲ್ಲಿ ನಿವೇದಿಸದಿದ್ದರೆ ನನ್ನ ಸಂಕಟ ತಮಗೆ ಅರ್ಥವಾಗದು. ಯೌವನದಲ್ಲಿ ಇವರು ಬಿನ್ನಿಪೇಟೆಯ ಬಟ್ಟೆ ಗಿರಣಿಯೊಂದರಲ್ಲಿ ಕಡಿದ ನೂಲನ್ನು ಕೂಡಿಸುವ ಕೆಲಸದಲ್ಲಿದ್ದರು. ಯಂತ್ರ ಓಡುತ್ತಿರುವಾಗಲೇ ತುಂಡಾದ ಎಳೆಯನ್ನು ಕಣ್ಣಿನಿಂದ ಹುಡುಕಿ, ಎರಡು ತುದಿಗಳನ್ನು ಹಿಡಿದು, ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಗಂಟು ಹಾಕಿ ಕೈ ಹಿಂದೆಗೆಯಬೇಕು. ಗಂಟು ಕಾಣಕೂಡದು, ಬಿಚ್ಚಕೂಡದು. ಎರಡರಲ್ಲಿ ಒಂದು ತಪ್ಪಿದರೂ ಅದು ಬಟ್ಟೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಗಿರಣಿ ಮುಚ್ಚಿತು. ಆಮೇಲೆ ರಾಜಾಜಿನಗರದ ಕಾರ್ಖಾನೆಗಳ ಗೇಟುಗಳಲ್ಲಿಯೂ ಮಲ್ಲತ್ತಹಳ್ಳಿಯ ಅಪಾರ್ಟ್‌ಮೆಂಟಿನ ಬಾಗಿಲಿನಲ್ಲಿಯೂ ಕಾವಲು ಕಾಯ್ದರು. ಆದರೆ ತಾನು ಯಾರೆಂದು ಕೇಳಿದರೆ ಇಂದಿಗೂ ಅವರ ಉತ್ತರ, ಗಂಟು ಹಾಕುವವನು ಎಂದೇ. ಮದುವೆಯಾದ ಮೇಲೆ ಆ ವಿದ್ಯೆಗೆ ಸಿಕ್ಕ ಏಕೈಕ ಪ್ರಜೆ ನಾನು. ಸಂಜೆ ಕಟ್ಟಿ ಮುಗಿಸಿದ ಹೂವಿನ ಸರವನ್ನು ಇವರ ಮುಂದೆ ಚಾಚಬೇಕು. ಇವರು ಎರಡೂ ಕೈಯಲ್ಲಿ ಹಿಡಿದು, ಒಂದು ಸಣ್ಣ ಜಗ್ಗು ಜಗ್ಗಿ, ಬಲಗೈ ಹೆಬ್ಬೆರಳನ್ನು ದಾರದ ಮೇಲೆ ಓಡಿಸಬೇಕು. ಸಡಿಲವಿದ್ದ ಕಡೆ ಹೆಬ್ಬೆರಳು ನಿಲ್ಲುತ್ತಿತ್ತು. ‘ಇಲ್ಲಿ ನಿದ್ದೆ ಮಾಡಿದ್ದೀಯ’ ಎನ್ನುತ್ತಿದ್ದರು. ಎಷ್ಟೋ ಸಂಜೆ ಆ ಮಾತಿಗೆ ನಾನು ಸಿಡಿಮಿಡಿಗೊಂಡಿದ್ದೇನೆ. ಲಕ್ವದ ನಂತರ ಮೊದಲ ಬಾರಿಗೆ ಸರವನ್ನು ಮುಂದೆ ಚಾಚಿದಾಗ, ಅವರು ಅದನ್ನು ನೋಡದೆ ಟಿ.ವಿ.ಯ ಕಡೆಗೆ ಮುಖ ತಿರುಗಿಸಿದರು. ಆಸ್ಪತ್ರೆಯಲ್ಲಿ ಹುಟ್ಟದ ಭಯ ನನಗೆ ಆ ಸಂಜೆ ಹುಟ್ಟಿತು.

ಇಂತಿರುವಲ್ಲಿ ಸಾವಿತ್ರಿ ಟೀಚರು ನನಗೆ ಗಂಟಿನ ಆಟವನ್ನು ತೋರಿಸಿದರು. ಟೀಚರು ಬಾಗಲಕೋಟೆ ಕಡೆಯವರು, ಸಮೀಪದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವರು. ಬೆಳಿಗ್ಗೆ ಮೆಟ್ರೋ ಇಳಿದವರು ನನ್ನಲ್ಲಿ ಒಂದು ಮೊಳ ಮಲ್ಲಿಗೆ ಮುಡಿದೇ ಶಾಲೆಗೆ ಹೋಗುವವರು. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ಮಕ್ಕಳನ್ನು ಎಚ್ಚರಿಸಲು ಒಂದೆರಡು ಜಾದೂ ಕಲಿತಿದ್ದರು. ಒಂದು ದಿನ ಚಿಲ್ಲರೆಗಾಗಿ ನಾನು ತಡಕಾಡುತ್ತಿದ್ದಾಗ, ಸುಮ್ಮನಿರಲಾರದೆ ತಮ್ಮ ಕರವಸ್ತ್ರದ ಎರಡು ತುದಿಗಳನ್ನು ಸೇರಿಸಿ ಎರಡು ಸುತ್ತು ಗಂಟು ಹಾಕಿ, ಅದರ ಮೇಲೆ ಸೆರಗು ಮುಚ್ಚಿ, ‘ಊದ್ರಿ ಅಕ್ಕಾರ’ ಎಂದರು. ನಾನು ಊದಿದೆ. ಸೆರಗು ಸರಿಸಿದರೆ ಗಂಟಿಲ್ಲ. ನನ್ನ ಜೀವಮಾನದಲ್ಲಿ ಗಂಟು ಬಿಚ್ಚಿಹೋದದ್ದನ್ನು ಕಂಡಿದ್ದೇನೆ, ಕತ್ತರಿಸಿಹೋದದ್ದನ್ನು ಕಂಡಿದ್ದೇನೆ. ನಾಚಿಕೊಂಡು ಹೊರಟುಹೋದದ್ದನ್ನು ಅಂದೇ ಕಂಡದ್ದು. ಎದ್ದುನಿಂತು, ಆ ಕರವಸ್ತ್ರವನ್ನು ಕಿತ್ತುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದೆ. ನೋಡುತ್ತಿರುವಾಗಲೇ ಹೊಳೆಯಿತು: ನಾನೇ ಕೈಚಾಚಿ ಕಿತ್ತುಕೊಂಡೆನಲ್ಲ, ಹಾಗಾದರೆ ಗಂಟಿನ ವಿಚಾರದಲ್ಲಿ ನನಗಿಂತ ಹಟವಾದಿಯಾದ ನಮ್ಮ ಯಜಮಾನರು ಇದನ್ನು ಕಂಡರೆ ಸುಮ್ಮನಿರುತ್ತಾರೆಯೇ? ಪರೀಕ್ಷಿಸಲೇಬೇಕಾಗಿ ಬಂದಾಗ ಟವಲಿನ ಕೆಳಗಿನ ಕೈ ಹೊರಗೆ ಬಾರದೆ ಉಳಿದೀತೇ?

ಆಟದ ಗುಟ್ಟನ್ನು ಬಹಿರಂಗಪಡಿಸಲು ಟೀಚರ ಒಪ್ಪಿಗೆ ಪಡೆದಿದ್ದೇನೆ. ಎರಡು ತುದಿಗಳನ್ನು ಎಲ್ಲರ ಕಣ್ಣೆದುರಿಗೇ ನ್ಯಾಯವಾಗಿಯೇ ಗಂಟು ಹಾಕಬೇಕು. ಬಿಗಿ ಮಾಡುವ ನೆಪದಲ್ಲಿ ಒಂದು ತುದಿಯನ್ನು ಮಾತ್ರ ನೇರವಾಗಿ ಎಳೆಯಬೇಕು. ಆಗ ಆ ತುದಿ ಕೋಲಿನಂತೆ ನೆಟ್ಟಗಾಗುತ್ತದೆ; ಇನ್ನೊಂದು ತುದಿ ಬಳ್ಳಿಯಂತೆ ಅದರ ಮೈಮೇಲೆ ಸುಮ್ಮನೆ ಸುತ್ತಿಕೊಂಡಿರುತ್ತದೆ. ಹೊರನೋಟಕ್ಕೆ ಅದು ಗಂಟೇ. ಮುಸುಕಿನೊಳಗೆ ಹೆಬ್ಬೆರಳಿನಿಂದ ನೂಕಿದರೆ ಕೋಲಿನಿಂದ ಬಳೆ ಜಾರುವಂತೆ ಜಾರಿಬಿಡುತ್ತದೆ. ಟೀಚರ ತರಗತಿಯ ಮಕ್ಕಳು ಇದನ್ನು ಒಂದು ಬಿಡುವಿನ ವೇಳೆಯಲ್ಲಿ ಕಲಿತರಂತೆ. ನನಗೆ ಏಳು ವಾರ ಹಿಡಿಯಿತು.

ಕಾರಣವಿಷ್ಟೆ. ಹೂ ಕಟ್ಟುವವಳ ಬೆರಳು ಗಂಟಿನ ಕೊನೆಯಲ್ಲಿ, ಯಾರ ಅಪ್ಪಣೆಯನ್ನೂ ಕಾಯದೆ, ಎರಡೂ ಕಡೆಗೆ ಸಮನಾಗಿ ಒಂದು ಜಗ್ಗು ಜಗ್ಗುತ್ತದೆ. ಆ ಜಗ್ಗು ನಮ್ಮ ಅನ್ನ. ಒಂದೇ ಕಡೆ ಎಳೆಯಬೇಕೆಂದು ಮನಸ್ಸು ನೂರು ಸಲ ಆದೇಶ ಹೊರಡಿಸಿದರೂ ಬೆರಳು ಹಳೆಯ ಸುತ್ತೋಲೆಯನ್ನೇ ಪಾಲಿಸುತ್ತಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೆಟ್ರೋ ಕಂಬಕ್ಕೆ ಬೆನ್ನು ಕೊಟ್ಟು ಅಭ್ಯಾಸ ಮಾಡುತ್ತಿದ್ದೆ, ಊದುತ್ತಿದ್ದೆ, ಮುಸುಕು ತೆಗೆದರೆ ಗಂಟು ಮೊದಲಿಗಿಂತ ಭದ್ರವಾಗಿ ಕುಳಿತಿರುತ್ತಿತ್ತು. ಹಲ್ಲಿನಿಂದ ಬಿಚ್ಚಬೇಕಾಗುತ್ತಿತ್ತು.

‘ಅಕ್ಕಾರ, ನೀವು ಗಂಟು ಹಾಕಾಕತ್ತೀರಿ. ಹಾಕಬ್ಯಾಡ್ರಿ, ಹಾಕಿದಂಗ ಮಾಡ್ರಿ’ ಎನ್ನುತ್ತಿದ್ದರು ಟೀಚರು.

‘ಮೂವತ್ತೊಂದು ವರ್ಷ ಹಾಕಿದಂಗೆ ಮಾಡಿದ್ರೆ ನನ್ನ ಹತ್ರ ಹೂ ಯಾರು ತಗೋತಿದ್ರು ಟೀಚರ್?’

‘ಹಂಗಂತ ಹಲ್ಲು ಕಳಕೋಬ್ಯಾಡ್ರಿ, ಹಲ್ಲಿಗೆ ಜಾದೂ ನನಗ ಬರೂದಿಲ್ಲ’ ಎಂದು ನಗುತ್ತಾ ಶಾಲೆಗೆ ಓಡುತ್ತಿದ್ದರು.

ಆ ಏಳು ವಾರಗಳಲ್ಲಿ ನಾನು ಯೋಚಿಸಿದ್ದು ಬಹಳ. ಲೋಕವು ಜಾದೂಗಾರರನ್ನು ಮೋಸಗಾರರ ಪಕ್ಕದಲ್ಲಿ ಕೂರಿಸಿ ನೋಡುತ್ತದೆ. ಆದರೆ ಗಟ್ಟಿಯಾದದ್ದನ್ನು ಸಡಿಲವಾಗಿ ಹಿಡಿಯುವುದು ಎಷ್ಟು ದೊಡ್ಡ ಶ್ರಮವೆಂಬುದು ಕಲಿಯಲು ಕುಳಿತಾಗಲೇ ತಿಳಿಯುವುದು. ನಾವು ಹೆಂಗಸರು ಬಿಗಿ ಮಾಡುವುದರಲ್ಲಿ ನಿಷ್ಣಾತರು. ಡಬ್ಬದ ಮುಚ್ಚಳ, ಮಗುವಿನ ಜಡೆ, ಹಿತ್ತಲಿನ ಹಗ್ಗ, ಬಾಯಿಗೆ ಬಂದ ಮಾತು, ಎಲ್ಲವನ್ನೂ ಬಿಗಿ ಮಾಡಿಟ್ಟೇ ಸಂಸಾರ ನಡೆಸಿದವರು. ಯಜಮಾನರ ಕೈಯನ್ನೂ ನಾನು ಹಾಗೆಯೇ ಬಿಗಿಹಿಡಿದು ಸರಿಮಾಡಲು ಹೊರಟಿದ್ದೆನೆಂಬುದು, ಕರವಸ್ತ್ರದ ಗಂಟು ನಲವತ್ತನೆಯ ಸಲವೂ ಬಿಚ್ಚದಿದ್ದಾಗ ಮಂದವಾಗಿ ಅರಿವಾಯಿತು. ಅರಿವಾದ ಮಾತ್ರಕ್ಕೆ ಬಿಡುವವಳಲ್ಲ ನಾನು. ಒಂದು ಬೀದಿದೀಪಕ್ಕಾಗಿ ಆರು ಅರ್ಜಿ ಕೊಟ್ಟು, ಏಳನೆಯದಕ್ಕೆ ಬೆಳಕು ತರಿಸಿದವಳು.

ಕಡೆಗೊಂದು ಬೆಳಿಗ್ಗೆ ಗಂಟು ಜಾರಿತು. ಮರುದಿನವೂ ಜಾರಿತು. ಹತ್ತಕ್ಕೆ ಒಂಬತ್ತು ಸಲ ಜಾರತೊಡಗಿದಾಗ, ಒಂದು ಭಾನುವಾರ ಊಟವಾದ ಮೇಲೆ ಯಜಮಾನರ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತೆ. ಅರ್ಜಿ ಹಿಡಿದು ಅಧಿಕಾರಿಗಳ ಕೊಠಡಿಯ ಹೊರಗೆ ಕಾಯುವಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಗಂಟು ಹಾಕಿದೆ, ಎಳೆದೆ, ಮುಚ್ಚುವುದಕ್ಕೆ ಬಟ್ಟೆ ಎತ್ತಿದೆ.

‘ಬಲಗಡೆ ತುದಿ ಎಳೆದೆ. ಎಡಗಡೇದು ಸುಮ್ನೆ ಸುತ್ಕೊಂಡಿದೆ. ಮುಚ್ಚೋದೇನೂ ಬೇಡ’ ಎಂದರು ಇವರು. ಕುಳಿತಲ್ಲಿಂದ ಕದಲಲಿಲ್ಲ, ಟವಲು ಕದಲಲಿಲ್ಲ. ‘ಗಿರಣೀಲಿ ಇಂಥ ಗಂಟು ಹಾಕಿದ್ರೆ ಅವತ್ತೇ ಗೇಟಿನ ಹೊರಗೆ ಕಳಿಸ್ತಿದ್ರು. ಹೋಗಿ ಹೂ ಕಟ್ಟು ಹೋಗು.’

ಪರೀಕ್ಷೆಗೆ ಅವರ ಕಣ್ಣೇ ಸಾಕಾಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆಮೇಲೆ ಕರವಸ್ತ್ರವನ್ನು ತೆಗೆದುಕೊಂಡು ಮತ್ತೆ ಅಭ್ಯಾಸಕ್ಕೆ ಕುಳಿತೆ. ಅವರ ಕಣ್ಣಿಗೂ ಸಿಗದಂತೆ ಎಳೆಯಬೇಕು, ಆಗಲೇ ಕೈ ಬರುತ್ತದೆ ಎಂಬುದು ನನ್ನ ಹಟ. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ, ಸಂಘದ ಸಭೆಯಲ್ಲಿ ಮೇಜಿನ ಕೆಳಗೆ ನನ್ನ ಬೆರಳು ಜಾರುಗಂಟನ್ನೇ ಹಾಕುತ್ತಿತ್ತು. ಹೀಗೆ ಎರಡು ವಾರ ಕಳೆಯುವಷ್ಟರಲ್ಲಿ, ಯಾವ ಹೂ ಕಟ್ಟುವವಳಿಗೂ ಆಗಬಾರದ ಅನಾಹುತ ನನಗಾಯಿತು. ನನಗೆ ತಿಳಿಯದಂತೆ ನನ್ನ ಬೆರಳು ಹೊಸ ಪಾಠವನ್ನು ಹಳೆಯ ಕಸುಬಿನೊಳಕ್ಕೆ ಒಯ್ದಿತ್ತು.

ಬಸವೇಶ್ವರನಗರದ ಪಾರ್ವತಮ್ಮನವರು ನನ್ನ ಬಹುಕಾಲದ ಗಿರಾಕಿ. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಎರಡೆಳೆಯ ಸೇವಂತಿಗೆ ಮಾಲೆ ಕಟ್ಟಿಕೊಟ್ಟಿದ್ದೆ. ಪೂಜೆಯ ಮರುದಿನ ಬೆಳಿಗ್ಗೆ ಅವರು ಆಟೋದಲ್ಲಿ ನೇರವಾಗಿ ನಮ್ಮ ಮನೆಗೇ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಬಿಡಿಬಿಡಿಯಾದ ಸೇವಂತಿಗೆ, ಅದರ ನಡುವೆ ಅಲ್ಲಲ್ಲಿ ಹೂ ಉಳಿಸಿಕೊಂಡ ದಾರ. ಬಾಗಿಲಿನ ಬಳಿ ಕುರ್ಚಿಯಲ್ಲಿ ಯಜಮಾನರು ಕುಳಿತಿದ್ದರು.

‘ರತ್ನಮ್ಮ, ಏನ್ರೀ ಇದು?’ ಎಂದು ಹೊಸಲಿನಲ್ಲೇ ಶುರುಮಾಡಿದರು ಪಾರ್ವತಮ್ಮ. ‘ಮಂಗಳಾರತಿ ಹೊತ್ತಿಗೆ ಒಂದು ಹೂ ಬಿತ್ತು. ದೇವರು ಪ್ರಸಾದ ಕೊಟ್ಟ ಅಂತ ನಮ್ಮತ್ತೆ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಇನ್ನೆರಡು ಬಿತ್ತು, ನಮ್ಮ ನಾದಿನಿ ಮಗಳ ಮದುವೆ ಈ ವರ್ಷವೇ ಅಂದ್ರು ಭಟ್ರು. ಎಲ್ಲರೂ ಕೈ ಮುಗೀತಾ ನಿಂತಿದೀವಿ, ಮಾಲೆಗೆ ಮಾಲೆನೇ ಬಿತ್ತು ಕಣ್ರೀ, ನೇರ ಸಜ್ಜಿಗೆ ಪಾತ್ರೆಗೆ! ಅಷ್ಟೊಂದು ವರ ತಗೊಂಡು ನಾನೇನು ಮಾಡ್ಲಿ?’

ಚೀಲದೊಳಕ್ಕೆ ಬಗ್ಗಿ ನೋಡಿದೆ. ನಾನು ಕಟ್ಟಿದ ಹೂ ಎಂದೂ ಹಾಗೆ ಹಿಂದಿರುಗಿ ಬಂದಿರಲಿಲ್ಲ.

‘ಯಾರು ಕಟ್ಟಿದ್ದು ಅದು?’ ಎಂದರು ಯಜಮಾನರು.

‘ನಾನೇ.’

‘ನೀನಾ? ಕೊಡಿ ಇಲ್ಲಿ.’

ಪಾರ್ವತಮ್ಮ ದಾರವನ್ನು ಕೊಟ್ಟರು. ಇವರು ಅದನ್ನು ಎಡಗೈಯಲ್ಲಿ ಹಿಡಿದರು. ಹಿಡಿದರೇನು, ಜಗ್ಗಲು ಎದುರಿಗೊಂದು ಕೈ ಬೇಕು. ಮೊಣಕಾಲಿಗೆ ಸಿಕ್ಕಿಸಿ ನೋಡಿದರು, ಜಾರಿತು. ಹಲ್ಲಿಗೆ ಕಚ್ಚಿ ಜಗ್ಗಿದರು, ದಾರ ಕಣ್ಣಿಗೆ ತೀರ ಹತ್ತಿರವಾಗಿ ಗಂಟು ಕಾಣಲಿಲ್ಲ. ಸಿಟ್ಟಿನಿಂದ ಒಂದು ಸಲ ಮೂಗುಸಿರು ಬಿಟ್ಟರು. ಹಿಡಿಯಲೆಂದು ನಾನು ಮುಂದೆ ಹೆಜ್ಜೆ ಇಟ್ಟವಳು, ಏಕೋ ತಡೆದುಕೊಂಡು ಅಲ್ಲೇ ನಿಂತೆ. ಟವಲು ನೆಲಕ್ಕೆ ಬಿತ್ತು. ಮಡಚಿದ ಬಲಗೈಯನ್ನು ತೊಡೆಯಿಂದ ಎತ್ತಿ, ಕೊಕ್ಕೆಯಂತೆ ಬಾಗಿದ್ದ ತೋರುಬೆರಳಿಗೆ ದಾರವನ್ನು ಸಿಕ್ಕಿಸಿದರು. ದಾರ ಎರಡು ಸಲ ಕಳಚಿತು; ಮೂರನೆಯ ಸಲ ನಿಂತಿತು. ಎಡಗೈಯಿಂದ ಜಗ್ಗಿದರು.

‘ಇಲ್ಲಿ ಸಡಿಲ. ಇಲ್ಲಿ. ಇಲ್ಲೂ. ನಿದ್ದೆ ಅಲ್ಲ ಇದು, ಪೂರ್ತಿ ಸತ್ತೇ ಹೋಗಿದ್ದೀಯ! ನಮ್ಮ ಮನೆಯಿಂದ ಇಂಥ ಗಂಟು ಹೊರಗೆ ಹೋಯ್ತಾ? ದೇವರ ಕೊರಳಿಗೆ?’

‘ಹೋಗ್ಲಿ ಬಿಡಿ ಯಜಮಾನ್ರೆ, ಅಷ್ಟೊಂದು ಬೈಬೇಡಿ’ ಎಂದು ಪಾರ್ವತಮ್ಮನವರೇ ನನ್ನ ಪರ ವಹಿಸಿದರು.

‘ಬೈಲಿ ಬಿಡಿ ಪಾರ್ವತಮ್ಮ, ಬೈಲಿ’ ಎಂದೆ. ನನ್ನ ಧ್ವನಿ ಹೇಗಿತ್ತೋ ಏನೋ, ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ದೃಷ್ಟಿಯನ್ನು ಹಿಂಬಾಲಿಸಿ ಆ ಕೈಯನ್ನು ನೋಡಿದರು. ನೋಡಿ, ಚೀಲವನ್ನು ಸದ್ದಿಲ್ಲದೆ ನೆಲದ ಮೇಲಿಟ್ಟು, ತಾವೂ ಒಂದು ಹಳೆಯ ಮಣೆ ಎಳೆದುಕೊಂಡು ಕುಳಿತರು.

ಏಳು ವಾರ ಕಲಿತ ಆಟ ಮಾಡಲಾಗದ ಕೆಲಸವನ್ನು ಆ ಆಟದಿಂದಾದ ತಪ್ಪು ಮಾಡಿತು. ಇದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ. ಆದರೆ ಒದಗಿಬಂದ ತಪ್ಪನ್ನು ವ್ಯರ್ಥವಾಗಲು ಬಿಡಬಾರದೆಂಬ ನಿಶ್ಚಯ ಮಾತ್ರ ನನ್ನದೇ. ಪಾರ್ವತಮ್ಮನವರಿಗೆ ಅಂದೇ ಹೊಸ ಮಾಲೆ ಕಟ್ಟಿಕೊಟ್ಟೆ, ಪ್ರತಿ ಗಂಟನ್ನೂ ಎರಡೆರಡು ಸಲ ಜಗ್ಗಿ. ಗಿರಾಕಿಗೆ ಹೋಗುವ ಹೂವಿನಲ್ಲಿ ಇನ್ನೆಂದೂ ಕೈಚಳಕ ತೋರುವುದಿಲ್ಲವೆಂದು ಪ್ರಮಾಣ ಮಾಡಿದೆ. ಮತ್ತು ಅಂದು ಸಂಜೆಯಿಂದ, ಮಾರಾಟಕ್ಕಲ್ಲದ ಒಂದು ಮೊಳದ ಸರವನ್ನು ಪ್ರತ್ಯೇಕವಾಗಿ ಕಟ್ಟಿ, ಅದರಲ್ಲಿ ನೂರು ನಿಜಗಂಟುಗಳ ನಡುವೆ ಒಂದೇ ಒಂದು ಹುಸಿಗಂಟನ್ನು ಅಡಗಿಸಿ ಯಜಮಾನರ ಮುಂದೆ ಚಾಚತೊಡಗಿದೆ.

ನನ್ನ ನಿಜವಾದ ಜಾದೂ ಶಿಕ್ಷಣ ಆಗ ಆರಂಭವಾಯಿತು. ನೋಡುವವರ ಕಣ್ಣು ಎಲ್ಲಿರುತ್ತದೆಯೋ ಅಲ್ಲಿ ನಿಮ್ಮ ಕೆಲಸ ಇರಬಾರದೆಂದು ಟೀಚರು ಹೇಳಿದ್ದರು. ಮೊದಲ ವಾರ ಹುಸಿಗಂಟನ್ನು ತುದಿಯಲ್ಲಿಟ್ಟೆ, ಸುಲಭವಾಗಿ ಸಿಗಲೆಂದು. ಆಮೇಲೆ ನಡುವಿಗೆ ತಂದೆ, ಕನಕಾಂಬರ ದಟ್ಟವಾಗಿರುವ ಕಡೆಗೆ. ಒಂದೇ ಕೈಗೆ ಸಿಗುವಂತಿದ್ದರೆ ಎಡಗೈ ಒಂದೇ ಹುಡುಕಿಬಿಡುತ್ತದೆ. ಆದುದರಿಂದ ಎರಡೂ ಕಡೆ ಹಿಡಿದು ಜಗ್ಗಿದರೆ ಮಾತ್ರ ಬಾಯಿ ಬಿಡುವಂಥ ಸಡಿಲವನ್ನು ಅಭ್ಯಾಸ ಮಾಡಿದೆ. ಅವರು ಹುಡುಕುತ್ತಿದ್ದರು, ಬೈಯುತ್ತಿದ್ದರು, ‘ವಯಸ್ಸಾಯ್ತು ಕಣೇ ನಿಂಗೆ, ಕೈ ಹಿಡಿತ ಹೋಯ್ತು’ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ತಿಂಗಳಾಗುವ ಹೊತ್ತಿಗೆ ತೋರುಬೆರಳು ಕೊಕ್ಕೆಯಾಗಿರುವುದನ್ನು ಬಿಟ್ಟು ಬೆರಳಾಗತೊಡಗಿತು. ಎರಡನೆಯ ತಿಂಗಳಿಗೆ ಹೆಬ್ಬೆರಳು ಅದರ ಜೊತೆ ಸೇರಿ ದಾರವನ್ನು ಹಿಡಿಯಿತು. ಉಳಿದ ಮೂರು ಬೆರಳುಗಳು ಇನ್ನೂ ಮಲಗಿವೆ, ಸುಳ್ಳು ಬರೆಯಲಾರೆ. ಆಸ್ಪತ್ರೆಯ ಹೆಣ್ಣುಮಗಳು ಚೆಂಡಿನ ಗುಣವನ್ನು ಹೊಗಳಿದಳು. ಚೆಂಡು ಮಂಚದ ಕೆಳಗಿದೆಯೆಂದು ನಾವಿಬ್ಬರೂ ಹೇಳಲಿಲ್ಲ.

ಕಳೆದ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನದಂತೆ ಕೆಲಸ ಮುತ್ತಿಕೊಂಡಿತ್ತು. ಎರಡು ಮದುವೆಗಳ ಹೂ ಮುಗಿಸುವಷ್ಟರಲ್ಲಿ ಸಂಜೆಯಾಗಿ, ಅವರ ಒಂದು ಮೊಳವನ್ನು ಅವಸರದಲ್ಲಿ ಕಟ್ಟಿದೆ. ಹುಸಿಗಂಟನ್ನು ಇಡಲು ಮರೆತೇಹೋಯಿತು. ನೆನಪಾದದ್ದು ಸರವನ್ನು ಅವರ ಕೈಗೆ ಕೊಟ್ಟು ಒಲೆಯ ಮೇಲೆ ಅನ್ನಕ್ಕಿಟ್ಟ ಮೇಲೆ. ಏನೂ ಸಿಗದಿದ್ದರೆ ಆಸಕ್ತಿ ಕಳೆದುಕೊಂಡಾರೆಂಬ ಆತಂಕದಲ್ಲಿ, ಅನ್ನ ಬಸಿಯುವವರೆಗೂ ಆ ಕಡೆ ತಲೆ ಹಾಕಲು ಧೈರ್ಯವಾಗಲಿಲ್ಲ.

‘ತಗೋ’ ಎಂದು ಅವರೇ ಕರೆದರು. ‘ಇವತ್ತೂ ಒಂದು ಬಿಟ್ಟಿದ್ದೀಯ. ನಡೂಮಧ್ಯ. ಜಗ್ಗಿ ನೋಡು.’

ಇರಲು ಸಾಧ್ಯವಿಲ್ಲವೆಂದುಕೊಳ್ಳುತ್ತಲೇ ಜಗ್ಗಿದೆ. ಸರವು ಸದ್ದಿಲ್ಲದೆ ಎರಡು ತುಂಡಾಗಿ, ನನ್ನ ಒಂದೊಂದು ಕೈಯಲ್ಲಿ ಒಂದೊಂದು ತುಂಡು ಉಳಿಯಿತು. ದಾರ ಹರಿದದ್ದಲ್ಲ, ನಡುವೆ ಅದನ್ನು ಮೊದಲೇ ಕಡಿದು, ಆ ಎರಡು ತುದಿಗಳನ್ನು ಮತ್ತೆ ಕೂಡಿಸಲಾಗಿತ್ತು. ಒಂದು ತುದಿ ಕೋಲಿನಂತೆ ನೆಟ್ಟಗೆ, ಇನ್ನೊಂದರಲ್ಲಿ ಬಳ್ಳಿ ಸುತ್ತಿದ ಸುರುಳಿಯ ಗುರುತು. ಕರವಸ್ತ್ರದಲ್ಲಿ ನಾನು ಏಳು ವಾರ ಕಲಿತದ್ದನ್ನು ಎಳೆದಾರದ ಮೇಲೆ, ಹೂವಿನ ಮರೆಯಲ್ಲಿ, ನನ್ನ ಕಣ್ಣಿಗೆ ಕಾಣದಂತೆ ಹಾಕಲಾಗಿತ್ತು. ಎರಡು ಕೈಗಳಿಲ್ಲದೆ ಲೋಕದಲ್ಲಿ ಯಾರೂ ಹಾಕಲಾರದ ಗಂಟು ಅದು.

ಯಜಮಾನರು ಟಿ.ವಿ.ಯನ್ನು ನೋಡುತ್ತಿದ್ದರು. ಟಿ.ವಿ. ಆರಿಸಿತ್ತು.

‘ಹೆಂಗಾಯ್ತು ಅಂತ ಕೇಳ್ಬೇಡ, ಹೇಳಲ್ಲ’ ಎಂದರು.

ನನ್ನ ಹುಸಿಗಂಟಿನ ಗುಟ್ಟು ಎಷ್ಟು ದಿನದಿಂದ ಅವರಿಗೆ ತಿಳಿದಿತ್ತೋ, ಎಷ್ಟು ಮಧ್ಯಾಹ್ನ ನಾನು ಕಂಬದ ಬುಡದಲ್ಲಿದ್ದಾಗ ಇಲ್ಲಿ ಈ ಕುರ್ಚಿಯಲ್ಲಿ ಅಭ್ಯಾಸ ನಡೆದಿತ್ತೋ, ನಾನು ಕೇಳಲಿಲ್ಲ. ‘ಸರಿ. ಈಗ ಬಿಚ್ಚದ ಹಾಗೆ ಕೂಡಿಸಿ ಕೊಡಿ’ ಎಂದು ಎರಡು ತುದಿಗಳನ್ನೂ ಅವರ ತೊಡೆಯ ಮೇಲಿಟ್ಟು, ಎದುರಿಗೆ ಕುಳಿತುಕೊಂಡೆ.